ಸಿಮ್ ಹಿಂದೆ ಯಾರಿದ್ದಾರೆ ಎಂದು ಕೇಳಿ: ಟ್ರಾಯ್ (ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಅಧ್ಯಕ್ಷರಿಗೆ ಡೊಂಬಿವಲಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಬೇಡದ ಮಾರಾಟದ ಕರೆಗಳನ್ನು ತಡೆಯುವ ನಿಯಮಗಳಿಗೆ ನಮ್ಮ ದೇಶದಲ್ಲಿ ಕೊರತೆ ಇಲ್ಲ. 2007ರಲ್ಲಿ ‘ಕರೆ ಮಾಡಬೇಡಿ’ ಪಟ್ಟಿ ಬಂತು. 2010ರ ನಿಯಮದ ಜೊತೆ, ಮಾರಾಟದ ಕರೆ ಮಾಡುವವರಿಗೆಂದೇ 140ರಿಂದ ಶುರುವಾಗುವ ನಂಬರ್‌ಗಳು ಬಂದವು. 2018ರಲ್ಲಿ ಬ್ಲಾಕ್‌ಚೈನ್ ತಂತ್ರಜ್ಞಾನದ ಮೇಲೆ ಇಡೀ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದಿರಿ. 2024ರ ಆಗಸ್ಟ್‌ನಲ್ಲಿ, ನೋಂದಣಿ ಇಲ್ಲದೆ ಇಂಥ ಕರೆ ಮಾಡುವವರ ಎಲ್ಲ ಲೈನ್‌ಗಳನ್ನೂ ಕತ್ತರಿಸಿ 2 ವರ್ಷದವರೆಗೆ ಕಪ್ಪುಪಟ್ಟಿಗೆ ಹಾಕಿ ಎಂದು ಮೊಬೈಲ್ ಕಂಪನಿಗಳಿಗೆ ಆದೇಶ ಕೊಟ್ಟಿರಿ. 2025ರ ಫೆಬ್ರವರಿಯಲ್ಲಿ ಮತ್ತೊಂದು ತಿದ್ದುಪಡಿ ಬಂತು.

ಆದರೂ ಕರೆ ನಿಂತಿಲ್ಲ. ನನಗೆ ಕಾಣುವ ಕಾರಣ ಒಂದೇ. ದೂರು ಕೊಟ್ಟಾಗ ನಿಮ್ಮ ವ್ಯವಸ್ಥೆ ಕರೆ ಬಂದ ನಂಬರಿನ ಬೆನ್ನು ಹತ್ತುತ್ತದೆ. ಆ ಕರೆಯಿಂದ ಯಾರ ಸಾಲ ಮಾರಾಟವಾಗುತ್ತದೆ, ಯಾರ ಫ್ಲ್ಯಾಟ್ ಮಾರಾಟವಾಗುತ್ತದೆ, ಅವರ ಬಾಗಿಲವರೆಗೆ ಹೋಗುವುದೇ ಇಲ್ಲ. ಅದನ್ನು ಕೇಳಲೆಂದೇ ಈ ಪತ್ರ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆಯಿಂದಲೇ ಅಡುಗೆ ಮಾಡಿ ಕೊಡುವವಳು. ಊರು ಕುಂದಾಪುರದ ಕಡೆ. ಹೋಳಿಗೆ, ಪತ್ರೊಡೆ, ನೀರ್ದೋಸೆ, ಸತ್ಯನಾರಾಯಣ ಪೂಜೆಯ ಸಪಾದ, ಗಣಪತಿ ಹಬ್ಬಕ್ಕೆ ಕಡುಬು, ಚಕ್ಕುಲಿ ಎಲ್ಲಾ ಮಾಡಿಕೊಡುತ್ತೇನೆ. ನನಗೆ ಬೋರ್ಡಿಲ್ಲ, ಅಂಗಡಿಯಿಲ್ಲ. ಇರುವುದು ಒಂದು ಮೊಬೈಲ್ ನಂಬರ್. ಮುಲುಂಡಿನಲ್ಲಿ ಯಾರೋ ನನ್ನ ಹೋಳಿಗೆ ತಿಂದು ಅಂಧೇರಿಯ ತಮ್ಮ ನಾದಿನಿಗೆ ಆ ನಂಬರ್ ಕೊಡುತ್ತಾರೆ. ಆ ನಾದಿನಿ ಫೋನ್ ಮಾಡಿದರೆ ನನಗೆ ಕಾಣುವುದು ಗುರುತಿಲ್ಲದ ಹತ್ತು ಅಂಕಿ. ಹೊಸ ಗಿರಾಕಿ ಬರುವುದೇ ಗುರುತಿಲ್ಲದ ನಂಬರಿನಿಂದ. ಹಾಗಾಗಿ ‘ಗೊತ್ತಿಲ್ಲದ ನಂಬರ್ ಎತ್ತಬೇಡಿ’ ಎಂಬ ಸಲಹೆ ನನ್ನಂಥವರಿಗೆ ಉಪಯೋಗವಿಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್, ರಿಕ್ಷಾದವರು, ಪುರೋಹಿತರು, ಟ್ಯೂಷನ್ ಟೀಚರ್, ಎಲ್ಲರಿಗೂ ಇದೇ ಮಾತು. ಫೋನ್ ಎತ್ತದಿದ್ದರೆ ಅವತ್ತಿನ ಸಂಪಾದನೆ ಹೋಯಿತು.

ಹೋಳಿಗೆ ದಿನ ಏನಾಗುತ್ತದೆ ಹೇಳುತ್ತೇನೆ. ಎರಡೂ ಕೈಗೆ ಕಣಕ, ಎಣ್ಣೆ. ಕಾವಲಿ ಮೇಲೊಂದು ಹೋಳಿಗೆ, ಬಾಳೆಲೆ ಮೇಲೆ ತಟ್ಟಿಟ್ಟದ್ದು ಇನ್ನೊಂದು. ಫೋನ್ ಬಡಿದುಕೊಳ್ಳುತ್ತದೆ. ಉರಿ ಸಣ್ಣ ಮಾಡಿ, ಮೊಣಕೈಯಲ್ಲಿ ನಲ್ಲಿ ತಿರುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಎತ್ತುವಷ್ಟರಲ್ಲಿ ಹೋಳಿಗೆ ಒಂದು ಕಡೆ ಕಪ್ಪಾಗಿರುತ್ತದೆ. ಆ ಕಡೆಯಿಂದ, “ಮ್ಯಾಡಮ್, ಪರ್ಸನಲ್ ಲೋನ್ ಕೀ ಜರೂರತ್ ಹೈ ಕ್ಯಾ?” ಬೇಡ ಅಂದರೆ, ಕ್ರೆಡಿಟ್ ಕಾರ್ಡ್ ಬೇಕಾ ಎಂದು ಕೇಳುತ್ತಾರೆ. ಮಧ್ಯಾಹ್ನ ಅದೇ ಸಾಲ, ಬೇರೆ ದನಿ, ಬೇರೆ ನಂಬರ್.

ನನ್ನದಾದರೂ ಹೋಳಿಗೆ ಹೋಯಿತು, ಇನ್ನೊಂದು ಮಾಡಬಹುದು. ಊರಿಂದ ಚಿಕಿತ್ಸೆಗೆಂದು ಪರೇಲಿನ ಆಸ್ಪತ್ರೆಗಳಿಗೆ ಬರುವ ನಮ್ಮವರ ಪಾಡು ಬೇರೆ. ಹೋದ ವರ್ಷ ನಮ್ಮ ಮನೆಯಲ್ಲಿ ಸಂಬಂಧಿಕರೊಬ್ಬರು ಇದ್ದರು. ಅವರ ಗಂಡ ಐಸಿಯುನಲ್ಲಿ. ವಾರ್ಡಿನಿಂದ ಯಾವ ನಂಬರಿನಿಂದ ಫೋನ್ ಬರುತ್ತದೆ ಎಂದು ಗೊತ್ತಿಲ್ಲ. ರಕ್ತ ಕೊಡುತ್ತೇವೆ ಎಂದ ಹುಡುಗರು ಯಾವ ನಂಬರಿನಿಂದ ಮಾಡುತ್ತಾರೋ ಅದೂ ಗೊತ್ತಿಲ್ಲ. ಪ್ರತಿ ಸಲ ಫೋನ್ ಬಡಿದಾಗಲೂ ಆ ಅಕ್ಕ ಎದ್ದು ನಿಂತೇ ಮಾತಾಡುತ್ತಿದ್ದರು. ಒಮ್ಮೆ ಆ ಕಡೆಯಿಂದ ಬಂದದ್ದು ಬದ್ಲಾಪುರದಲ್ಲಿ ಒಂದು ಬಿಎಚ್‌ಕೆ ಫ್ಲ್ಯಾಟಿನ ವಿಷಯ. ಅವರಿಗೆ ಹಿಂದಿ ಪೂರ್ತಿ ಬರುವುದಿಲ್ಲ. ಆಸ್ಪತ್ರೆಯವರೇ ಏನೋ ಹೇಳುತ್ತಿದ್ದಾರೆ ಎಂದುಕೊಂಡು, ಕೈ ನಡುಗುತ್ತಾ ಫೋನನ್ನು ನನಗೆ ಕೊಟ್ಟರು. ಕಿರಿಕಿರಿ ಎಂಬ ಪದ ಇದಕ್ಕೆ ಸಾಲದು, ಸ್ವಾಮಿ.

‘ಡಿಎನ್‌ಡಿ ಹಾಕಿಸಿಕೊಳ್ಳಿ’, ಅಂದರೆ ಮಾರಾಟದ ಕರೆ ಬೇಡ ಎನ್ನುವವರ ಪಟ್ಟಿಗೆ ನಂಬರ್ ಸೇರಿಸಿ, ಎಂದು ಹೇಳುವವರು ಇದ್ದಾರೆ. ಹಾಕಿಸಿಕೊಂಡಿದ್ದೇವೆ. 1909ಕ್ಕೆ ಫೋನ್ ಮಾಡಿದರೆ ಅಥವಾ ಮೆಸೇಜ್ ಕಳಿಸಿದರೆ ಆಗುತ್ತದೆ. ಬ್ಯಾಂಕ್ ಮತ್ತು ವಿಮೆ, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ ಎಂದು ವಿಭಾಗಗಳಿವೆ. ಎಲ್ಲವನ್ನೂ ನಿಲ್ಲಿಸಬಹುದು, ಬೇಕಾದ್ದನ್ನಷ್ಟೇ ಇಟ್ಟುಕೊಳ್ಳಲೂಬಹುದು. ವ್ಯವಸ್ಥೆ ಚೆನ್ನಾಗಿಯೇ ಇದೆ. ಆದರೆ ಅದು ಕೆಲಸ ಮಾಡುವ ಬಗೆ ಹೇಗೆ? ನೋಂದಾಯಿತ ಟೆಲಿಮಾರ್ಕೆಟಿಂಗ್ ಸಂಸ್ಥೆ ತನ್ನ ಪಟ್ಟಿಯನ್ನು ಡಿಎನ್‌ಡಿ ಪಟ್ಟಿಗೆ ಹೊಂದಿಸಿ ನೋಡಬೇಕು. ಬೇಡ ಎಂದವರ ನಂಬರ್ ತೆಗೆದು, ಉಳಿದವರಿಗೆ 140ರ ನಂಬರಿನಿಂದ ಕರೆ ಮಾಡಬೇಕು. ಸಾಮಾನ್ಯ ಹತ್ತು ಅಂಕಿಯ ಸಿಮ್‌ನಿಂದ ಕರೆ ಮಾಡುವವನು ಈ ದಾರಿಯಲ್ಲಿ ಬರುವುದೇ ಇಲ್ಲ. ಅವನ ಕರೆ ನನ್ನ ತಂಗಿಯ ಕರೆ ಬಂದ ಹಾಗೇ ಬರುತ್ತದೆ. ಡಿಎನ್‌ಡಿ ತಡೆಯುವುದು ನಿಯಮ ಪಾಲಿಸುವವರನ್ನು ಮಾತ್ರ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಾಗಿದೆ.

ಇನ್ನು ದೂರಿನ ವಿಷಯ. 2025ರ ತಿದ್ದುಪಡಿಯಲ್ಲಿ ಒಳ್ಳೆಯ ಬದಲಾವಣೆಗಳಿವೆ, ಅದನ್ನು ಮನಸಾರೆ ಒಪ್ಪುತ್ತೇನೆ. ಮೊದಲು 3 ದಿನದೊಳಗೆ ದೂರು ಕೊಡಬೇಕಿತ್ತು, ಈಗ 7 ದಿನ ಇದೆ. ನೋಂದಣಿ ಇಲ್ಲದವರ ಮೇಲೆ ದೂರು ಕೊಡಲು ಡಿಎನ್‌ಡಿ ಹಾಕಿಸಿರಲೇಬೇಕು ಎಂದಿಲ್ಲ. ಮೊಬೈಲ್ ಕಂಪನಿ ಕ್ರಮ ಕೈಗೊಳ್ಳಲು ಇದ್ದ 30 ದಿನವನ್ನು 5 ದಿನಕ್ಕೆ ಇಳಿಸಿದ್ದೀರಿ. ಮೊದಲು 7 ದಿನದಲ್ಲಿ 10 ದೂರು ಬಂದರೆ ಕ್ರಮ ಇತ್ತು, ಈಗ 10 ದಿನದಲ್ಲಿ 5 ದೂರು ಸಾಕು. ಮೊದಲ ತಪ್ಪಿಗೆ 15 ದಿನ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ಎಲ್ಲ ಕಂಪನಿಗಳಲ್ಲೂ ಒಂದು ವರ್ಷ ಲೈನ್ ಕಟ್.

ಆದರೆ ಈ ಲೆಕ್ಕ ನಡೆಯುವುದು ಸಿಮ್ ಯಾರ ಹೆಸರಲ್ಲಿದೆಯೋ ಅವರ ಮೇಲೆ. ಅವರ ಬಗ್ಗೆ ಐದು ಬೇರೆ ಬೇರೆ ಜನ ದೂರು ಕೊಡಬೇಕು. ಇವತ್ತು ಒಬ್ಬರ ಹೆಸರಿನ ಸಿಮ್, ನಾಳೆ ಇನ್ನೊಬ್ಬರದು ಎಂದು ಬದಲಾಯಿಸುವವನಿಗೆ ಐದು ದೂರು ಆಗುವುದೇ ಇಲ್ಲ. ಆದರೂ ಆತನ ಬಾಯಲ್ಲಿ ಬರುವ ಬ್ಯಾಂಕಿನ ಹೆಸರು ಇವತ್ತೂ ನಾಳೆಯೂ ಒಂದೇ. ದೂರಿಗೆ ಉತ್ತರವಾಗಿ ನಮಗೆ ಬರುವ ಮೆಸೇಜ್‌ನಲ್ಲಿ ಆ ಹೆಸರೇ ಇರುವುದಿಲ್ಲ. ಯಾವ ಸಂಸ್ಥೆಯ ಪರವಾಗಿ ಕರೆ ಬಂತು, ಆ ಸಂಸ್ಥೆಯನ್ನು ಯಾರಾದರೂ ಕೇಳಿದರಾ, ಅದು ಏನು ಹೇಳಿತು ಎಂದು ತಿಳಿಯುವುದೇ ಇಲ್ಲ. ನಿಯಮದಲ್ಲಿ ‘ಕಳಿಸುವವರು’ ಎಂದರೆ ಆ ವ್ಯಾಪಾರ ಸಂಸ್ಥೆಯೂ ಸೇರುತ್ತದೆ ಎಂಬುದು ನನಗೆ ಗೊತ್ತು. ಆದರೆ ಏಜೆಂಟನ ಏಜೆಂಟ್ ಒಬ್ಬ ಸ್ವಂತ ಹೆಸರಿನ ಸಿಮ್‌ನಿಂದ ಕರೆ ಮಾಡಿದರೆ, ‘ಅವನು ನಮ್ಮವನಲ್ಲ’ ಎಂದು ಸಂಸ್ಥೆ ಸುಲಭವಾಗಿ ಕೈ ತೊಳೆದುಕೊಳ್ಳಬಹುದು. ಆ ‘ನಮ್ಮವನಲ್ಲದವನು’ ತಂದ ಸಾಲದ ಅರ್ಜಿಯನ್ನು ಮಾತ್ರ ವಾಪಸ್ ಕಳಿಸುವುದಿಲ್ಲ, ಅಲ್ವಾ?

ಕರೆ ಮಾಡುವ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ನನ್ನ ಪಕ್ಕ ನಿಂತು ಠಾಣೆಗೆ, ಐರೋಲಿಗೆ ಹೋಗುವ ಮಕ್ಕಳೇ ಅವರು. ಒಬ್ಬಳು ನನಗೆ ಹೇಳಿದ್ದಳು: ಪಟ್ಟಿ ಕೊಡುತ್ತಾರೆ, ಇಷ್ಟು ಕರೆ ಆಗಲೇಬೇಕು, ಇಷ್ಟು ಜನ ‘ಹೂಂ’ ಅನ್ನಲೇಬೇಕು, ಇಲ್ಲದಿದ್ದರೆ ಸಂಬಳದಲ್ಲಿ ಕಡಿತ. ಪಟ್ಟಿ ಎಲ್ಲಿಂದ ಬಂತು ಎಂದು ಅವಳಿಗೆ ಗೊತ್ತಿಲ್ಲ. ದಿನವಿಡೀ ಬೈಗುಳ ಕೇಳುವುದು ಅವಳು. ಸಿಮ್ ಕಟ್ಟಾದರೆ ಕೆಲಸ ಕಳೆದುಕೊಳ್ಳುವುದೂ ಅವಳೇ. ಅವಳಿಂದ ಸಾಲ ಮಾರಿಸಿಕೊಂಡವರು ಮುಂಬೈಯ ಬಿಕೆಸಿಯಲ್ಲೋ ಲೋವರ್ ಪರೇಲಿನಲ್ಲೋ ದೊಡ್ಡ ಕಚೇರಿಯ ಎಸಿಯಲ್ಲಿ ಕುಳಿತಿರುತ್ತಾರೆ. ದೇಶದ ದೊಡ್ಡ ದೊಡ್ಡ ಬ್ಯಾಂಕುಗಳ ಮುಖ್ಯ ಕಚೇರಿ ಇರುವುದು ಇದೇ ಊರಲ್ಲಿ. ಆ ಕಚೇರಿಗಳು ನನ್ನಿಂದ ಒಂದೂವರೆ ಗಂಟೆ ದೂರ. ಅವರನ್ನು ಪ್ರಶ್ನಿಸುವ ಅಧಿಕಾರ ಮಾತ್ರ ನನಗಿಲ್ಲ, ನಿಮಗೂ ರಿಸರ್ವ್ ಬ್ಯಾಂಕಿಗೂ ಇದೆ.

ಇದರಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಸಂಗತಿಯನ್ನು ಈಗ ಹೇಳುತ್ತೇನೆ.

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮಗ ದುಬೈಯಲ್ಲಿ. ಅವರು ಒಬ್ಬರೇ. ಪೊಲೀಸರೆಂದು ಹೇಳಿ ಫೋನಿನಲ್ಲೇ ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಸುದ್ದಿಯನ್ನು ಪೇಪರಿನಲ್ಲಿ ಓದಿ ಹೆದರಿದ್ದರು. ನಾನು ಹೋಗಿ ಕೂತು ವಿವರಿಸಿದೆ. ಬ್ಯಾಂಕಿನವರು ನಿಮ್ಮ ಖಾತೆ ವಿಷಯಕ್ಕೆ ಫೋನ್ ಮಾಡಿದರೆ ನಂಬರ್ 1600ರಿಂದ ಶುರುವಾಗುತ್ತದೆ. ಏನಾದರೂ ಮಾರಲು ಮಾಡಿದರೆ 140. ಬೇರೆ ಯಾವ ನಂಬರಿನಿಂದ ಬ್ಯಾಂಕ್ ಅಂದರೂ ಇಟ್ಟುಬಿಡಿ, ಅಜ್ಜಿ. ಅವರು ಅದನ್ನು ಗೋಡೆಯ ಕ್ಯಾಲೆಂಡರಿನ ಅಂಚಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟರು. ಮೋಸ ಆದರೆ ಸೈಬರ್ ವಂಚನೆಯ ಸಹಾಯವಾಣಿ 1930 ಎಂಬುದನ್ನೂ ಕೆಳಗೆ ಬರೆದರು.

ಸ್ವಲ್ಪ ದಿನ ಬಿಟ್ಟು ನನ್ನನ್ನು ಕರೆದರು. ಸಾಮಾನ್ಯ ಮೊಬೈಲ್ ನಂಬರಿನಿಂದ ಒಬ್ಬ ಹುಡುಗ ಬ್ಯಾಂಕ್ ಹೆಸರು ಹೇಳಿ ಫೋನ್ ಮಾಡಿದ್ದಾನೆ. ಅವರ ಎಫ್‌ಡಿ ಯಾವಾಗ ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತು. ಆ ಹಣವನ್ನು ವಿಮೆ ಪಾಲಿಸಿಗೆ ಹಾಕಿ, ಜಾಸ್ತಿ ಬರುತ್ತದೆ ಎನ್ನುತ್ತಿದ್ದಾನೆ. ಅಜ್ಜಿ ಕ್ಯಾಲೆಂಡರ್ ನೋಡಿ ಫೋನ್ ಇಟ್ಟುಬಿಟ್ಟಿದ್ದರು. ಮರುದಿನ ಬ್ಯಾಂಕಿಗೇ ಹೋಗಿ ಕೇಳಿದರೆ, ಅವನು ಅದೇ ಶಾಖೆಯವನು. “ಯಾಕಜ್ಜಿ ಫೋನ್ ಕಟ್ ಮಾಡಿದ್ರಿ?” ಎಂದು ನಗುತ್ತಾ ಕೇಳಿದನಂತೆ. ಮನೆಗೆ ಬಂದ ಅಜ್ಜಿ ನನ್ನನ್ನು ಕೇಳಿದರು: “ಹಾಗಾದ್ರೆ ನೀನು ಬರೆಸಿದ್ದು ಸುಳ್ಳಾ ಮಗಾ?”

ಅಧ್ಯಕ್ಷರೇ, ಅವರಿಗೆ ನಾನು ಏನು ಹೇಳಬೇಕಿತ್ತು? ಖಾತೆಯ ಸೇವೆಗೆ 1600, ಮಾರಾಟಕ್ಕೆ 140 ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ವಾಣಿಜ್ಯ ಬ್ಯಾಂಕುಗಳು 2026ರ ಜನವರಿ 1ರೊಳಗೆ 1600ಕ್ಕೆ ಬರಬೇಕೆಂದು ನೀವೂ ಗಡುವು ಕೊಟ್ಟಿರಿ. ತುಂಬಾ ಒಳ್ಳೆಯ ಕೆಲಸ. ಓದು ಬಾರದವರಿಗೂ ಕಲಿಸಬಹುದಾದ ಒಂದು ಸರಳ ಪಾಠ ಅದರಿಂದ ಸಿಕ್ಕಿತು. ಆದರೆ ನಿಜವಾದ ಬ್ಯಾಂಕಿನವರೇ ಹತ್ತಂಕಿಯ ನಂಬರಿನಿಂದ ಮಾರಾಟಕ್ಕೆ ಫೋನ್ ಮಾಡುತ್ತಿದ್ದರೆ ಆ ಪಾಠ ನಿಲ್ಲುವುದಿಲ್ಲ. ಅಂಥ ಪ್ರತಿಯೊಂದು ಕರೆಯೂ ವಯಸ್ಸಾದವರಿಗೆ ‘ಬ್ಯಾಂಕಿನವರು ಹೀಗೂ ಫೋನ್ ಮಾಡುತ್ತಾರೆ’ ಎಂದು ಅಭ್ಯಾಸ ಮಾಡಿಸುತ್ತದೆ. ಮೋಸಗಾರ ಬರುವುದು ಆ ಅಭ್ಯಾಸದ ದಾರಿಯಲ್ಲೇ. ಮಾರಾಟದ ಕರೆ ಬೇರೆ, ಮೋಸದ ಕರೆ ಬೇರೆ ಎಂದು ಕಚೇರಿಗಳಲ್ಲಿ ಎರಡು ಕಡತ ಇರಬಹುದು. ಅಜ್ಜಿಯ ಕಿವಿಗೆ ಎರಡೂ ಒಂದೇ ತರಹ ಕೇಳಿಸುತ್ತವೆ.

ಕರೆ ಮಾಡಿದವರ ಹೆಸರು ಪರದೆಯ ಮೇಲೆ ಕಾಣುವ ವ್ಯವಸ್ಥೆಯನ್ನು 2024ರಲ್ಲಿ ಶಿಫಾರಸು ಮಾಡಿದ್ದೀರಿ. ಅದು ಎಲ್ಲರಿಗೂ ಬರಲಿ, ಖಂಡಿತ ಬೇಕು. ಈಗ ನಾವು ಕರೆ ಯಾರದ್ದು ಎಂದು ತಿಳಿಯಲು ಯಾವುದೋ ಖಾಸಗಿ ಆಪ್‌ಗೆ ನಮ್ಮ ಫೋನಿನ ಎಲ್ಲ ನಂಬರ್ ಒಪ್ಪಿಸಿ ಕೂತಿದ್ದೇವೆ. ಆದರೆ ಸಿಮ್ ಯಾರ ಹೆಸರಲ್ಲಿದೆಯೋ ಆ ಹೆಸರು ತಾನೇ ಕಾಣುವುದು? ಒಬ್ಬ ಹುಡುಗನ ಹೆಸರು ಕಂಡೀತು. ಅವನು ಯಾರಿಗಾಗಿ ದುಡಿಯುತ್ತಿದ್ದಾನೆ ಎಂಬುದು ಆಗಲೂ ಕಾಣುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಹಣದ ದಾರಿ ಹಿಡಿಯಿರಿ ಎಂಬುದು. ಪ್ರತಿ ಸಾಲದ ಅರ್ಜಿಯಲ್ಲಿ, ಪ್ರತಿ ವಿಮೆ ಪಾಲಿಸಿಯಲ್ಲಿ, ‘ಈ ಗ್ರಾಹಕರನ್ನು ಮೊದಲು ಯಾವ ನಂಬರಿನಿಂದ ಸಂಪರ್ಕಿಸಲಾಯಿತು’ ಎಂಬ ಒಂದು ಸಾಲು ಕಡ್ಡಾಯವಾಗಿರಲಿ. ಗ್ರಾಹಕರೂ ಅದನ್ನು ನೋಡಿ ಸಹಿ ಹಾಕಲಿ. ಸಾಮಾನ್ಯ ಸಿಮ್‌ನಿಂದ ಮಾರಾಟದ ಕರೆ ಮಾಡಿ ತಂದ ವ್ಯವಹಾರವಾದರೆ ಏಜೆಂಟನಿಗೆ ಕಮಿಷನ್ ಇಲ್ಲ ಎಂದಾಗಲಿ. ಕಮಿಷನ್ ನಿಂತರೆ ಹತ್ತು ಸಿಮ್ ಕೊಂಡು ಬದಲಾಯಿಸುವ ಖರ್ಚನ್ನು ಯಾರೂ ಮಾಡುವುದಿಲ್ಲ. ಇದು ನಿಮ್ಮೊಬ್ಬರಿಂದ ಆಗುವ ಕೆಲಸವಲ್ಲ. ರಿಸರ್ವ್ ಬ್ಯಾಂಕ್, ವಿಮಾ ನಿಯಂತ್ರಣ ಪ್ರಾಧಿಕಾರ, ಶೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿ, ಕಟ್ಟಡದವರನ್ನು ನೋಡಿಕೊಳ್ಳುವ ಮಹಾರಾಷ್ಟ್ರದ ಪ್ರಾಧಿಕಾರ ಮಹಾರೇರಾ ಜೊತೆ ಸೇರಬೇಕು. ಆದರೆ ದೂರುಗಳು ಬಂದು ಬೀಳುವುದು ನಿಮ್ಮ ವ್ಯವಸ್ಥೆಯಲ್ಲಿ. ಶುರು ಮಾಡಬೇಕಾದವರು ನೀವೇ.

ಅದಕ್ಕೆ ಮೊದಲು ದೂರಿನಲ್ಲಿ ಸಂಸ್ಥೆಯ ಹೆಸರಿಗೂ ಒಂದು ಜಾಗ ಕೊಡಿ. ಈಗ ಕರೆ ಮಾಡಿದ ನಂಬರ್, ತಾರೀಕು ಮತ್ತು ಚಿಕ್ಕ ವಿವರ ಇದ್ದರೆ ಸಾಕು. ಅದರ ಜೊತೆ ‘ಯಾರ ಸರಕನ್ನು ಮಾರಿದರು’ ಎಂದೂ ಕೇಳಿ. ಐದು ದೂರಿನ ಲೆಕ್ಕವನ್ನು ಆ ಹೆಸರಿನ ಮೇಲೂ ಇಡಿ. ಬೇರೆ ಬೇರೆ ನಂಬರಿನಿಂದ ಒಂದೇ ಸಂಸ್ಥೆಯ ಹೆಸರಲ್ಲಿ ಕರೆ ಬಂದಿದ್ದರೆ ಆ ಸಂಸ್ಥೆಗೆ ನೋಟಿಸ್ ಹೋಗಲಿ. ಅವರ ಹೆಸರು ಹೇಳಿ ಬೇರೆಯವರು ಮೋಸ ಮಾಡುತ್ತಿದ್ದರೆ ಪೊಲೀಸರಿಗೆ ದೂರು ಕೊಡಬೇಕಾದವರು ಅವರೇ, ಕೊಡಲಿ. ಯಾವ ಸಂಸ್ಥೆಯ ಹೆಸರಲ್ಲಿ ಎಷ್ಟು ದೂರು ಬಂದಿದೆ ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಹಾಕಿ. ದಂಡಕ್ಕಿಂತ ಆ ಪಟ್ಟಿಗೇ ದೊಡ್ಡವರು ಜಾಸ್ತಿ ಹೆದರುತ್ತಾರೆ ಎಂಬುದು ನನ್ನ ನಂಬಿಕೆ.

ದೂರು ಕೊಡುವುದು ಬಾಯಿಮಾತಲ್ಲೇ ಆಗುವಂತಿರಲಿ. ಮೊಬೈಲ್ ಕಂಪನಿಗಳ ಆಪ್‌ನಲ್ಲಿ ದೂರಿನ ಜಾಗ ಎದ್ದು ಕಾಣುವಂತಿರಬೇಕು, ಕರೆಯ ವಿವರ ತಾನಾಗಿ ತುಂಬಬೇಕು ಎಂದು ನಿಯಮ ಮಾಡಿದ್ದೀರಿ. ಸ್ಮಾರ್ಟ್‌ಫೋನ್ ತಿಳಿದವರಿಗೆ ಅದು ಸಾಕು. ಬಟನ್ ಫೋನ್ ಇಟ್ಟುಕೊಂಡವರು ಏನು ಮಾಡಬೇಕು? ಕರೆ ಮುಗಿದ ತಕ್ಷಣ ಒಂದು ಚಿಕ್ಕ ನಂಬರ್ ಒತ್ತಿದರೆ ಹಿಂದಿನ ಕರೆಯ ಮೇಲೆ ದೂರು ದಾಖಲಾಗಬೇಕು. ವಿವರವನ್ನು ಅವರವರ ಭಾಷೆಯಲ್ಲಿ ಹೇಳುವಂತಿರಬೇಕು. ಮುಂಬೈ ಎಂದರೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರೇ ಅಲ್ಲ. ಈ ಊರಿನ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಬಂದರಿನಲ್ಲಿ ದುಡಿದು ಮುದುಕರಾದ ಕನ್ನಡಿಗರು ಬಹಳ ಜನ ಇದ್ದಾರೆ. ಗುಜರಾತಿಯವರು, ತಮಿಳರು, ತೆಲುಗಿನವರು, ಭೋಜಪುರಿಯವರು ಇದ್ದಾರೆ. ಮಾರುವವರಿಗೆ ನಮ್ಮ ಭಾಷೆ ಬೇಕಾದಾಗ ಸಿಗುತ್ತದೆ. ಮೊನ್ನೆ ಶೇರು ಮಾರುಕಟ್ಟೆಯ ಟಿಪ್ಸ್ ಕೊಡುತ್ತೇನೆ ಎಂದವನು ಶುದ್ಧ ಕನ್ನಡದಲ್ಲೇ ಮಾತಾಡಿದ.

ನಂಬರ್ ಸೋರುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಬೇರೆಯೇ ಪತ್ರಕ್ಕಾಗುವಷ್ಟಿದೆ. ಬಿಲ್ ಮಾಡಲು ನಂಬರ್ ಕೊಡಲೇಬೇಕೆಂದು ಅಂಗಡಿಯವರು ಒತ್ತಾಯಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. ಅದೇ ವರ್ಷ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನೂ ಬಂತು. ಒಂದು ಕೆಲಸಕ್ಕೆ ಕೊಟ್ಟ ನಂಬರನ್ನು ಇನ್ನೊಂದಕ್ಕೆ ಬಳಸಬಾರದು ಎಂಬುದು ಅದರ ತಿರುಳು. ಇಲ್ಲಿ ಬಾಡಿಗೆ ಮನೆ ಹುಡುಕಲು ಒಮ್ಮೆ ನಂಬರ್ ಹಾಕಿ ನೋಡಿ, ಪನ್ವೇಲ್‌ನಿಂದ ವಿರಾರ್‌ವರೆಗಿನ ಬಿಲ್ಡರುಗಳೆಲ್ಲ ಫೋನ್ ಮಾಡುತ್ತಾರೆ.

ಈ ಪತ್ರ ಓದುವ ಮುಂಬೈಯ ನಮ್ಮವರಿಗೂ ಒಂದು ಮಾತು. ಬೈದು ಫೋನ್ ಇಡಬೇಡಿ. ಯಾವ ಕಂಪನಿ, ಏನು ಮಾರುತ್ತಿದ್ದೀರಿ ಎಂದು ಕೇಳಿ, ಬರೆದುಕೊಂಡು, 7 ದಿನದೊಳಗೆ 1909ಕ್ಕೆ ದೂರು ಕೊಡಿ. ಮೋಸ ಎಂದು ಅನುಮಾನ ಬಂದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ಎಂಬ ದೂರಿನ ವಿಭಾಗದಲ್ಲಿ ತಿಳಿಸಿ. ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬೈಂದೂರಿಂದ ಬೀದರಿನವರೆಗಿನ ಎಲ್ಲರ ಸಂಘಗಳೂ ಈ ಊರಲ್ಲಿವೆ. ಯಕ್ಷಗಾನ, ಅರಸಿನ ಕುಂಕುಮ, ಪ್ರತಿಭಾ ಪುರಸ್ಕಾರ ಎಲ್ಲಾ ಚೆನ್ನಾಗಿ ಮಾಡುತ್ತೇವೆ. ಕಾರ್ಯಕ್ರಮದ ದಿನ ಬಾಗಿಲ ಬಳಿ ಒಂದು ಮೇಜು ಹಾಕಿ, ನಮ್ಮ ಕಾಲೇಜು ಮಕ್ಕಳನ್ನು ಕೂರಿಸಿ, ಹಿರಿಯರ ಫೋನಿಗೆ ಡಿಎನ್‌ಡಿ ಹಾಕಿಕೊಟ್ಟು ದೂರು ಬರೆದುಕೊಟ್ಟರೆ ಎಷ್ಟೋ ಜನಕ್ಕೆ ಸಹಾಯವಾಗುತ್ತದೆ. ನಮ್ಮ ಬಿಲ್ಡಿಂಗಿನಲ್ಲಿ ನಾನು ಇದನ್ನು ಮಾಡುತ್ತಿದ್ದೇನೆ.

ಅಧ್ಯಕ್ಷರೇ, ಈ ಪತ್ರದ ಒಂದು ಪ್ರತಿಯನ್ನು ಫೋರ್ಟಿನಲ್ಲಿರುವ ರಿಸರ್ವ್ ಬ್ಯಾಂಕಿಗೂ ಕಳಿಸುತ್ತಿದ್ದೇನೆ. ದೂರಿನಲ್ಲಿ ಮಾರುವ ಸಂಸ್ಥೆಯ ಹೆಸರು ದಾಖಲಿಸುವಿರಾ, ಆ ಹೆಸರಿನ ಲೆಕ್ಕ ಪ್ರಕಟಿಸುವಿರಾ, ಸಾಲದ ಕಡತದಲ್ಲಿ ಕರೆಯ ನಂಬರ್ ಬರೆಸುವ ಬಗ್ಗೆ ರಿಸರ್ವ್ ಬ್ಯಾಂಕಿನ ಜೊತೆ ಮಾತಾಡುವಿರಾ? ಈ ಮೂರಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕು. ಇಲ್ಲ ಎನ್ನುವುದಾದರೆ ಯಾಕೆ ಎಂದೂ ಬರೆಯಿರಿ.

ಇಂತಿ,
ಡೊಂಬಿವಲಿ ಪೂರ್ವದ ಒಬ್ಬ ಮೊಬೈಲ್ ಗ್ರಾಹಕಿ